ಎರಡು ಸಲ ಮಣಿಕಟ್ಟು ಬಡಿದರೆ ನಾನು

ಬರೆದುಕೊಂಡು ಹೋದ ಹಾಗೆಯೇ ಮುಗಿದ ತರಗತಿ ನನ್ನ ಪಾಲಿಗೆ ಇನ್ನೂ ಒಂದೂ ಬಂದಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಹೀಗಿರಲಿಲ್ಲ. ಆಮ್ಲ ತಾಗಿದರೆ ಲಿಟ್ಮಸ್ ಸುಮ್ಮನೆ ಕೆಂಪಾಗುತ್ತಿತ್ತು. "ಹಸಿರ ಯಾಕ ಆಗಬಾರದ್ರಿ ಸರ್?" ಎಂದು ಅದು ಎಂದೂ ಕೇಳಿರಲಿಲ್ಲ.

ಬಿ.ಎಸ್ಸಿ. ಮುಗಿಸಿ, ವಿಕಲಚೇತನ ಯುವಕ ಯುವತಿಯರಿಗೆ ನಾಟಕ ಆಡಿಸುವ ತರಬೇತಿಗೆ ಸೇರಿದೆ. ಗುಂಪು ಒಂದೇ, ಆದರೆ ಮಂದಿ ನಾಲ್ಕು ತಾಲ್ಲೂಕಿನವರು. ಬಸ್ಸಿನ ತ್ರಾಸು ಎಲ್ಲರಿಗೂ ಸಮನಾಗಿ ಹಂಚಿಹೋಗಲಿ ಎಂದು ಒಂದು ಸಲ ಹಾನಗಲ್ಲ, ಒಂದು ಸಲ ಶಿಗ್ಗಾಂವ, ಆಮೇಲೆ ಸವಣೂರು, ಕೊನೆಗೆ ಹಿರೇಕೆರೂರು. ನನಗೆ ಕಲಿಸುವವರು ಒಬ್ಬ ಹಿರಿಯ ರಂಗಕರ್ಮಿ. ಎಲ್ಲರಿಗೂ ಅವರು ಅಕ್ಕ. ಮೊದಲ ದಿನವೇ ಅವರು ಹೇಳಿಬಿಟ್ಟರು.

"ಹಿರೇಕೆರೂರಾಗ ನೀ ಒಬ್ಬನ ತರಗತಿ ನಡಸಬೇಕು. ನಾ ಹಿಂದ ಕುಂತು ನೋಡ್ತೇನಿ. ನೀ ಪಾಸೋ ಫೇಲೋ, ಹೇಳೂದು ಈ ಗುಂಪಿನವ್ರು. ಪಾಸಾದ್ರ ಚಿಕ್ಕೇರೂರಿನ ಹೊಸ ಗುಂಪು ನಿಂದು. ಫೇಲಾದ್ರ ಇದ ಗುಂಪಿನ ಕೂಡ ಮತ್ತ ಹಾನಗಲ್ಲಿಂದ ಶುರು."

ಅಂದಿನಿಂದ ಪ್ರತಿ ಆಟಕ್ಕೂ ಇಷ್ಟು ನಿಮಿಷ ಎಂದು ಬರೆದುಕೊಂಡು, ವಾಚ್ ನೋಡುತ್ತಲೇ ತರಗತಿಗೆ ಹೋಗತೊಡಗಿದೆ.

ಹಾನಗಲ್ಲ: ಎದ್ದು ನಿಲ್ಲುವುದು

ಮೊದಲ ಆಟ ನನ್ನದು. ಹೊಳೆದ ಒಂದೇ ವಾಕ್ಯ ಹೇಳಿದೆ: "ಎಲ್ಲಾರೂ ಎದ್ದ ನಿಲ್ರಿ!"

ಎದುರಿಗೇ ವೀಲ್‌ಚೇರಿನಲ್ಲಿ ಒಬ್ಬ ಹುಡುಗಿ. ಅವಳು ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಹಿಂದಿನಿಂದ ಅಕ್ಕ ಕೆಮ್ಮಿದರು.

"ನಾ ಏಳೂದು ತುಸು ತಡ ಆಕ್ಕೇತ್ರಿ ಸರ್," ಅಂದಳು ಹುಡುಗಿ. "ನೀವ ಕುಂದರ್ರಿ. ಅದು ಸಲೀಸು."

ಕುಂತೆ. ನೆಲದ ಮೇಲೆ, ಚಕ್ಕಳಬಕ್ಕಳ ಹಾಕಿ, ಆಟ ಮುಗಿಯುವವರೆಗೂ ಅಲುಗಾಡಲಿಲ್ಲ. ಮುಗಿದ ಮೇಲೆ ಏಳಲು ಹೋದರೆ ಎರಡೂ ಕಾಲು ಜೋಮು ಹಿಡಿದಿದ್ದವು. ಹುಡುಗಿ ಗಾಲಿ ಉರುಳಿಸಿಕೊಂಡು ಬಂದು, ಬ್ರೇಕ್ ಹಾಕಿ, ಕೈ ಕೊಟ್ಟು ನನ್ನನ್ನು ಎಳೆದು ನಿಲ್ಲಿಸಿದಳು. ಆಮೇಲೆ ಅಕ್ಕನ ಕಡೆ ತಿರುಗಿದಳು.

"ಅಕ್ಕಾ, ಮುಂದಿನ ಅಂಗವಿಕಲರ ಕ್ಯಾಂಪಿನಾಗ ಸರ್ ಹೆಸರೂ ಹಚ್ಚೂಣೇನ್ರಿ? ಸರ್ಟಿಫಿಕೇಟ್ ಆಕ್ಕೇತಿ."

ಶಿಗ್ಗಾಂವ: ನಾಮಕರಣ

ಗುಂಪಿನಲ್ಲಿ ಕಿವಿ ಕೇಳದ ಹುಡುಗ ಒಬ್ಬನಿದ್ದ. ಅವನ ಕೈಮಾತು ವೀಲ್‌ಚೇರಿನ ಹುಡುಗಿಗೆ ಬರುತ್ತಿತ್ತು. ಇಬ್ಬರೂ ಒಂದೇ ಓಣಿಯವರು. ಕೈಮಾತಿನವರಲ್ಲಿ ಒಂದು ಪದ್ಧತಿ ಇದೆ. ನಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ತೋರಿಸುತ್ತ ಕೂಡುವುದಿಲ್ಲ, ತಾವೇ ಒಂದು ಸನ್ನೆ ಇಡುತ್ತಾರೆ. ಆ ಹೆಸರನ್ನು ನಾವು ಕೇಳಿ ಪಡೆಯುವಂತಿಲ್ಲ. ಅವರಿಗೆ ನಾವು ಗೊತ್ತಾದ ಮೇಲೆ, ಅವರಾಗಿಯೇ ಕೊಡಬೇಕು.

ಕೊಡುವವರೆಗೆ ನನಗೆ ನಿದ್ದೆ ಇರಲಿಲ್ಲ. ಹೆಸರೇ ಇಲ್ಲದವನನ್ನು ಪಾಸು ಮಾಡುವವರಾರು?

ಶಿಗ್ಗಾಂವದಲ್ಲಿ ಆತ ನನ್ನ ಕಡೆ ಬೆರಳು ತೋರಿಸಿ, ಎರಡು ಬೆರಳಿಂದ ತನ್ನ ಮಣಿಕಟ್ಟಿನ ಮೇಲೆ ಎರಡು ಸಲ ಬಡಿದ. ಎಲ್ಲರೂ ಕೈ ಮೇಲೆತ್ತಿ ಅಲ್ಲಾಡಿಸಿದರು. ಅದು ಅವರ ಚಪ್ಪಾಳೆ. ನಾನು ಹಿಗ್ಗಿದೆ. ವೇಳೆಗೆ ಸರಿಯಾಗಿ ನಡೆಯುವವನು ಎಂಬ ಅರ್ಥ ಇರಬೇಕು. ಮನೆಯಲ್ಲಿ ಅವ್ವನಿಗೂ ಮಣಿಕಟ್ಟು ಬಡಿದು ತೋರಿಸಿದೆ. ಮರುದಿನ ಹುಡುಗಿಯನ್ನು ಕೇಳಿದೆ: "ಚೊಲೊ ಹೆಸರಲ್ಲೇನು?"

"ಚೊಲೊ ಐತ್ರಿ ಸರ್. ನಮ್ಮ ಬಸ್ ಸ್ಟ್ಯಾಂಡಿನ ಕಂಟ್ರೋಲರ್‌ಗೂ ಅದನ್ನ ಇಟ್ಟಾನ. ಅವ್ರೂ ದಿನಾಪೂರ್ತಿ ವಾಚ್ ನೋಡ್ತಾರ. ಬಸ್ ಮಾತ್ರ ಬರಂಗಿಲ್ಲ."

ಸವಣೂರು: ನಂಬಿಕೆಯ ನಡಿಗೆ

ಕಣ್ಣಿದ್ದವರು ಪಟ್ಟಿ ಕಟ್ಟಿಕೊಳ್ಳಬೇಕು. ಕಣ್ಣು ಕಾಣದ ಜೊತೆಗಾರ ಕೈ ಹಿಡಿದು ಕೋಣೆಯೊಳಗೆ ಒಂದು ಸುತ್ತು ನಡೆಸಬೇಕು. ಅವನು ಹೇಳುವವರೆಗೆ ಪಟ್ಟಿ ಬಿಚ್ಚುವಂತಿಲ್ಲ. ನನ್ನ ಜೊತೆಗಾರ ಸವಣೂರಿನ ಹುಡುಗ.

ಸ್ವಲ್ಪ ಹೊತ್ತಿಗೆ ಕಾಲಕೆಳಗೆ ಫರಶಿ ಕಲ್ಲಿನ ನೆಲ ಹೋಗಿ ಜಲ್ಲಿ ಬಂತು. ಆಮೇಲೆ ಕಿವಿಯ ಪಕ್ಕದಲ್ಲೇ ಟ್ರ್ಯಾಕ್ಟರಿನ ಹಾರ್ನ್.

"ಎಲ್ಲಿಗೆ ಹೊಂಟೀವಪಾ?"

"ನಂಬಿಕಿ ಇಡ್ರಿ ಸರ್. ಇವತ್ತಿನ ಪಾಠ ಅದ ಅಲ್ಲೇನ್ರಿ?"

ಅವಲಕ್ಕಿ, ಶೇಂಗಾ ಕರಿದು ಮಾಡುವ ಸವಣೂರು ಖಾರದ ವಾಸನೆ ಬಂತು. ಅಂಗಡಿಯವನ ದನಿ: "ಪಾಪ, ಕಣ್ಣಿನ ಆಪರೇಶನ್ ಆಗೇತೇನ್ರಿ ಇವರಿಗೆ?"

"ಹೂಂರಿ ಕಾಕಾ, ಇವತ್ತ ಮುಂಜಾನೆ," ಅಂದ ನನ್ನ ಜೊತೆಗಾರ. "ಇನ್ನ ರೂಢಿ ಆಗಿಲ್ಲ."

ಅಂಗಡಿಯವನು ನನ್ನ ಭುಜ ಹಿಡಿದು ಸ್ಟೂಲಿನ ಮೇಲೆ ಕೂಡಿಸಿದ. ಅಂಗೈಗೆ ಬಿಸಿ ಖಾರದ ಪೊಟ್ಟಣ ಇಟ್ಟು ಬೆನ್ನು ಸವರಿದ. ಅಷ್ಟರಲ್ಲಿ ಗೇಟಿನ ಕಡೆಯಿಂದ ನನ್ನ ಹೆಸರು ಹಿಡಿದು ಕೂಗುವ ಅಕ್ಕನ ದನಿ. ಹಿರೇಕೆರೂರು ಕೈಬಿಟ್ಟು ಹೋಯಿತು ಅಂದುಕೊಂಡೆ.

ಹುಡುಗ ಮಾತ್ರ ನಿಂತಲ್ಲೇ ನಿಟ್ಟುಸಿರು ಬಿಟ್ಟ. "ಎಷ್ಟ ಹಗರ ಅನಸಾಕತ್ತೇತ್ರಿ ಸರ್! ಹುಟ್ಟಿದಾಗಿಂದ ಈ ಊರಾಗ 'ಪಾಪ' ಅನ್ನೂದು ನಂಗೊಬ್ಬಂಗ ಬರ್ತಿತ್ತು."

ಹಿರೇಕೆರೂರು: ಪರೀಕ್ಷೆ

ಆ ದಿನ ವಾಚನ್ನು ಬಿಚ್ಚಿ ಜೇಬಿನಲ್ಲಿಟ್ಟೆ. ಬಾಗಿಲಲ್ಲೇ ಕಿವಿ ಕೇಳದ ಹುಡುಗ ನನ್ನ ಖಾಲಿ ಕೈ ನೋಡಿ, ಗಾಬರಿಯಿಂದ ಏನೋ ಸನ್ನೆ ಮಾಡಿದ. ಹುಡುಗಿ ತಿಳಿಸಿದಳು: "ಹೆಸರು ಎಲ್ಲಿ ಬಿಟ್ಟು ಬಂದ್ರಿ ಅಂತ ಕೇಳಾಕತ್ತಾನ್ರಿ."

ಅಕ್ಕ ಹಿಂದಿನ ಬೆಂಚಿನಲ್ಲಿ ಕೂತರು. ಸವಣೂರಿನ ಸಿಟ್ಟು ಮುಖದಲ್ಲಿ ಇನ್ನೂ ಇತ್ತು. ನಾನು ಕೆಲಸ ಕೊಟ್ಟೆ: "ನಿಮಗ ಚೊಲೊ ಗೊತ್ತಿರೋ ಒಬ್ಬ ಮನುಷ್ಯಾನ ಮ್ಯಾಲೆ ಒಂದು ಸಣ್ಣ ನಾಟಕ ಕಟ್ರಿ."

ಮೂಲೆಯಲ್ಲಿ ಗುಸುಗುಸು ನಡೆಯಿತು. ಆಮೇಲೆ ನಾಟಕ.

ಕಣ್ಣು ಕಾಣದ ಸವಣೂರಿನ ಹುಡುಗ ಒಳಗೆ ಬಂದ. ಮಣಿಕಟ್ಟನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಕಣ್ಣು ಪಿಳಿಪಿಳಿ ಮಾಡಿ ಅರಚಿದ: "ಎಲ್ಲಾರೂ ಎದ್ದ ನಿಲ್ರಿ! ಲಗೂ ನಗ್ರಿ! ನಗೂದಕ್ಕ ಇನ್ನ ಎರಡ ನಿಮಿಷ ಐತಿ!" ಆಮೇಲೆ ಧೊಪ್ಪನೆ ನೆಲಕ್ಕೆ ಕೂತು, ಕಾಲು ಹಿಡಿದುಕೊಂಡು ನರಳಿದ. ಕಿವಿ ಕೇಳದ ಹುಡುಗ ಖಾರದ ಅಂಗಡಿಯವನಾಗಿ ಅವನ ಬೆನ್ನು ಸವರಿದ. ವೀಲ್‌ಚೇರಿನ ಹುಡುಗಿ ಅಕ್ಕನಾಗಿ, ತುಟಿ ಬಿಗಿದು, ಹಿಂದಿನಿಂದ ಕೆಮ್ಮಿದಳು.

ಕೋಣೆ ನಕ್ಕು ನಕ್ಕು ಸುಸ್ತಾಯಿತು. ನಾನು ಅಕ್ಕನ ಮುಖ ನೋಡಿದೆ. ತುಟಿ ಬಿಗಿದೇ ಇತ್ತು.

"ನಾಟಕ ಆತು," ಅಂದರು. "ಈಗ ಹೇಳ್ರಿ. ಸರ್ ಪಾಸೋ ಫೇಲೋ?"

ಮತ್ತೆ ಮೂಲೆಯಲ್ಲಿ ಗುಂಪು. ಕೈಗಳು ಹಾರಾಡಿದವು. ಅಲ್ಲೇನೋ ಜಗಳ ನಡೆದಿತ್ತು. ನಾನು ಖಾಲಿ ಮಣಿಕಟ್ಟನ್ನು ನೋಡಿಕೊಳ್ಳುತ್ತ ನಿಂತೆ. ಕಡೆಗೆ ಹುಡುಗಿ ಗಾಲಿ ಉರುಳಿಸಿಕೊಂಡು ನಡುವೆ ಬಂದಳು.

"ಫೇಲ್ ರೀ ಅಕ್ಕಾ. ಎಲ್ಲಾರೂ ಕೂಡಿ ಹೇಳಿದ್ದು."

ಅಕ್ಕನೇ ಬೆಂಚಿನಿಂದ ಎದ್ದುಬಿಟ್ಟರು. "ಯಾಕ? ಅಷ್ಟ ಚೊಲೊ ನಾಟಕ ಕಟ್ಟಿಸಿದ್ನಲ್ಲ?"

"ಅದಕ್ಕ ಫೇಲ್ ರೀ! ಪಾಸ್ ಮಾಡಿದ್ರ ಸರ್ ಚಿಕ್ಕೇರೂರಿಗೆ ಹೊಂಟ ಹೊಕ್ಕಾರ. ಇಷ್ಟು ತ್ರಾಸ ತಗೊಂಡು ಇವ್ರನ್ನ ತಯಾರ ಮಾಡಿದವ್ರು ನಾವು. ಚಿಕ್ಕೇರೂರಿನವ್ರಿಗ್ಯಾಕ ಕೊಡೂಣ್ರಿ?"