ಮುಂದಿನ ಗಾಲಿಗೆ ಹತ್ತು ಕಿಲೋ

ದೀಪಾಲಿಯ ಮನೆಯಲ್ಲಿ ಜಗಳವಿರಲಿಲ್ಲ. ಅವಳ ತಕರಾರೇ ಅದು.

ಬಸವಕಲ್ಯಾಣದ ಆ ಓಣಿಯಲ್ಲಿ ಜಗಳವಿಲ್ಲದ ಮನೆ ಬೇರೊಂದಿರಲಿಲ್ಲ. ಎಡಮನೆಯ ಅತ್ತೆ ಸೊಸೆ ಬೆಳಿಗ್ಗೆ ನಳದ ನೀರಿನೊಂದಿಗೇ ಶುರು ಮಾಡಿದರೆ, ನೀರು ನಿಂತ ಮೇಲೂ ನಿಲ್ಲುತ್ತಿರಲಿಲ್ಲ. ಬಲಮನೆಯ ಯಶೋದಾಬಾಯಿ ಗಂಡನನ್ನು ಬೈಯುವಾಗ ನಡುವೆ ಉಸಿರೆಳೆದುಕೊಳ್ಳುವುದು ಕೂಡ ಗೋಡೆ ದಾಟಿ ಕೇಳಿಸುತ್ತಿತ್ತು. ದೀಪಾಲಿ ಒಲೆಯ ಮುಂದೆ ನಿಂತು ಅದನ್ನೆಲ್ಲ ರೇಡಿಯೋ ನಾಟಕದ ಹಾಗೆ ಕೇಳುತ್ತಿದ್ದಳು. (ಯಶೋದಾಬಾಯಿ ಆಡಬಹುದಾಗಿದ್ದ ಒಳ್ಳೆಯ ಮಾತೊಂದನ್ನು ಕೈಬಿಟ್ಟಾಗ, ಇವಳು ಗೋಡೆಯ ಈಚೆಯಿಂದ ತುಟಿಯಲ್ಲೇ ಅದನ್ನು ಆಡಿ ಮುಗಿಸಿದ್ದೂ ಉಂಟು.)

ಮೂರು ವರ್ಷದ ಹಿಂದೆ ಈ ಸಂಬಂಧ ಗೊತ್ತಾದಾಗ ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಿನ ಅವಳ ತವರಿನವರು ಹಿಗ್ಗಿ ಹೋಗಿದ್ದರು. ಅತ್ತೆ ಇಲ್ಲ, ನಾದಿನಿ ಇಲ್ಲ, ಮೈದುನ ಇಲ್ಲ. ವರ ಓಂಪ್ರಕಾಶನಿಗೆ ಸ್ವಂತ ಬೀಜ-ಗೊಬ್ಬರದ ಅಂಗಡಿ. ಎಲೆ ಅಡಿಕೆ ಇಲ್ಲ, ಸಿಟ್ಟು ಇಲ್ಲ. ಹೀಗೆ 'ಇಲ್ಲ'ಗಳನ್ನೇ ಎಣಿಸಿ ಎಣಿಸಿ ಮದುವೆ ಮಾಡಿದರು. ಮಾತೂ ಇಲ್ಲ ಎಂಬುದು ಆ ಪಟ್ಟಿಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಓಂಪ್ರಕಾಶ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಒಂದು ದಾರಿಯಿತ್ತು. ಬೇಳೆಗೆ ಎರಡು ಸಲ ಉಪ್ಪು ಹಾಕಿ ನೋಡಿದಳು. ಎರಡು ತಂಬಿಗೆ ನೀರು ಕುಡಿದು ಎದ್ದ. ಒಂದು ದಿನ ಬೇಳೆಯನ್ನೇ ಮಾಡಲಿಲ್ಲ. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದು "ಚಲೋ ಆಗ್ಯಾದ" ಎಂದು ಕೈ ತೊಳೆದ. ಇಂಥವನ ಮೇಲೆ ಯಾವ ವೀರವನಿತೆ ತಾನೇ ಯುದ್ಧ ಸಾರಿಯಾಳು?

ಕೈ ತೊಳೆದವನು ನೇರ ಹಿತ್ತಿಲಿಗೆ ಹೋಗುತ್ತಿದ್ದ. ಅಲ್ಲಿ ತಗಡಿನ ಚಪ್ಪರದ ಕೆಳಗೆ ಅವನ ಅಜ್ಜ ಕೊಂಡಿದ್ದ ಟ್ರ್ಯಾಕ್ಟರ್ ಇತ್ತು. ಅದು ಹೊಲ ಉಳುವುದು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಈಗ ಅದರ ಬದುಕಿಗೆ ಒಂದೇ ಗುರಿ, ಜಗ್ಗುವುದು. ಹುಮನಾಬಾದಿನ ಹೊರಗೆ ವರ್ಷಕ್ಕೊಮ್ಮೆ ಹಳೇ ಟ್ರ್ಯಾಕ್ಟರುಗಳ ಜಗ್ಗುವ ಪಂದ್ಯ ನಡೆಯುತ್ತದೆ. ನಲವತ್ತು ವರ್ಷ ದಾಟದವಕ್ಕೆ ಪ್ರವೇಶವಿಲ್ಲ. ಮರಳಿನ ಚೀಲ ಹೇರಿದ, ಗಾಲಿಯಿಲ್ಲದ ಕಬ್ಬಿಣದ ಹಲಗೆಯೊಂದನ್ನು ಬೆನ್ನಿಗೆ ಕಟ್ಟಿಕೊಂಡು ಮಣ್ಣಿನಲ್ಲಿ ಎಳೆಯಬೇಕು. ಹತ್ತು ಹತ್ತು ಹೆಜ್ಜೆಗೆ ದಾರಿಯ ಪಕ್ಕ ನಿಂತ ಇಬ್ಬಿಬ್ಬರು ಆ ಹಲಗೆಯ ಮೇಲೆ ಹತ್ತಿ ನಿಲ್ಲುತ್ತಾರೆ. ಭಾರ ಏರುತ್ತ ಏರುತ್ತ ಟ್ರ್ಯಾಕ್ಟರ್ ಎಲ್ಲಿ ಸೋತು ನಿಲ್ಲುವುದೋ ಅಲ್ಲಿಗೆ ಟೇಪು ಹಿಡಿದು ಅಳೆಯುತ್ತಾರೆ. ಗೆದ್ದವನಿಗೆ ಒಂದು ಹಿತ್ತಾಳೆಯ ಕೊಡ, ತಲೆಗೆ ಸುತ್ತಲು ಒಂದು ಹಸಿರು ಪಟಕಾ. ಇಷ್ಟಕ್ಕೆ ಓಂಪ್ರಕಾಶ ವರ್ಷದ ಮುನ್ನೂರು ಸಂಜೆಗಳನ್ನು ಧಾರೆಯೆರೆದಿದ್ದ.

ಅದನ್ನು ಓಣಿಯ ಹೆಂಗಸರು ದೀಪಾಲಿಯ ಸವತಿ ಎನ್ನುತ್ತಿದ್ದರು. ಅವಳಿಗೆ ಅದು ಒಪ್ಪಿಗೆಯಿರಲಿಲ್ಲ. ಸವತಿಗೆ ವಯಸ್ಸು ಕಡಿಮೆ ಇರಬೇಕು. ಇದು ಅತ್ತೆ. ಬೆಳಗಾದರೆ ಕೆಮ್ಮು, ಕೀಲು ಕೀಲಿಗೆ ಎಣ್ಣೆ, ಥಂಡಿಗೆ ಹೊದಿಕೆ. ಅದರ ಬಗ್ಗೆ ಒಂದು ಮಾತಾಡಿದರೆ ಮಗನ ಮುಖ ಸಣ್ಣದಾಗುತ್ತಿತ್ತು. ಒಂದು ಮಧ್ಯಾಹ್ನ, ಓಣಿಯೆಲ್ಲ ಮಲಗಿ ನೊಣ ಹಾರಿದ್ದೂ ಕೇಳುವಷ್ಟು ಸದ್ದಡಗಿದ್ದಾಗ, ಅವಳು ಹಿತ್ತಿಲಿಗೆ ಹೋಗಿ ಸೆರಗು ತಲೆಯ ಮೇಲೆ ಎಳೆದುಕೊಂಡು, "ಅತ್ತೀ, ಚಾ ಕುಡೀತೀರೇನ್ರಿ?" ಎಂದು ಕೇಳಿದ್ದಳು. ಅದೂ ಮಗನ ಹಾಗೆಯೇ, ಉತ್ತರ ಕೊಡಲಿಲ್ಲ.

ಹೀಗಿರುವಾಗ ಒಂದು ಸಂಜೆ ಊಟಕ್ಕೆ ಕೂತ ಓಂಪ್ರಕಾಶ ತನ್ನ ಕೈಯಾರೆ ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದ. ಅದರ ಮೇಲೆ ತುಪ್ಪ ಸುರಿದ.

"ನೀ ಭಾಳ ಕಡಿಮಿ ತಿಂತಿ," ಎಂದ.

ಮೂರು ವರ್ಷದಲ್ಲಿ ಅವಳ ಬಗ್ಗೆ ಅವನು ಆಡಿದ ಮೊದಲ ಪೂರ್ಣ ವಾಕ್ಯ. ಅವಳು ರೊಟ್ಟಿ ತಿಂದಳು. ಮರುದಿನ ಎರಡು ತಿಂದಳು. ಮೂರನೆಯ ದಿನ ಅವನು ಜಿಲೇಬಿ ತಂದ. ಆ ವಾರದ ಕೊನೆಗೆ ಅಂಗಡಿಗೆ ಕರೆಸಿಕೊಂಡು, ಚೀಲ ತೂಗುವ ಕಾಟಾದ ಮೇಲೆ ಅವಳನ್ನು ನಿಲ್ಲಿಸಿದ. ಪುರಾಣದಲ್ಲಿ ಮಾತ್ರ ಕೇಳಿದ್ದ ತುಲಾಭಾರ ತನಗೆ ಗೊಬ್ಬರದ ಅಂಗಡಿಯಲ್ಲಿ ನಡೆಯುತ್ತದೆಂದು ದೀಪಾಲಿ ಕನಸಿನಲ್ಲೂ ಎಣಿಸಿರಲಿಲ್ಲ. ಓಂಪ್ರಕಾಶ ಮುಳ್ಳಿನ ಕಡೆ ಬಗ್ಗಿ ನೋಡಿ, "ಐವತ್ತೊಂದು. ಒಂದು ಗೊಬ್ಬರದ ಚೀಲ, ಮ್ಯಾಲ ಒಂದು ಕಿಲೋ," ಎಂದ. ಬಹಳ ಪ್ರೀತಿಯಿಂದಲೇ ಎಂದ. "ಇನ್ನ ಹತ್ತು ಆಗಬೇಕು."

ಸುದ್ದಿ ಕೇಳಿ ಯಶೋದಾಬಾಯಿ ಕಣ್ಣೊರೆಸಿಕೊಂಡಳು. "ನಮ್ಮವ್ರು ನಾ ಸತ್ತೀನೋ ಬದಕೀನೋ ಅಂತ ಸೈತ ನೋಡಂಗಿಲ್ಲ. ನಿಮ್ಮವ್ರು ತೂಗಿ ನೋಡ್ತಾರ. ಪುಣ್ಯ ಮಾಡೀಯವ್ವ ತಂಗಿ."

"ಏನರ ಮಾತಾಡ್ತಾರೇನ್ರಿ ಅಕ್ಕಾ ಅಂದ್ರ, ಅದು ಇಲ್ರಿ."

"ಮಾತು ತಗೊಂಡು ಏನು ಸುಡ್ತಿ? ನಮ್ಮ ಮನ್ಯಾಗ ಬೇಕಾದಷ್ಟು ಅದ, ಒಯ್ಯಿ."

ಹತ್ತು ಕಿಲೋದ ರಹಸ್ಯ ಮುಂದಿನ ಭಾನುವಾರ ಬಯಲಾಯಿತು. ಅದನ್ನು ಬಯಲು ಮಾಡಿದವನು ಹುಸೇನ. ಅವನು ಟ್ರ್ಯಾಕ್ಟರಿನ ವೈದ್ಯ, ಸೂಲಗಿತ್ತಿ, ಆಪ್ತಮಿತ್ರ ಎಲ್ಲವೂ ಆಗಿದ್ದ ಮೆಕ್ಯಾನಿಕ್. ಅಂದು ಬೆಳಿಗ್ಗೆ ಒಂದು ಕಬ್ಬಿಣದ ಸಣ್ಣ ಕುರ್ಚಿ ತಂದು, ಟ್ರ್ಯಾಕ್ಟರಿನ ಮೂತಿಯ ಮುಂದೆ ಬೆಸುಗೆ ಹಾಕಿ, ಅಡಿಗೆಮನೆಯ ಕಿಟಕಿಗೆ ಬಂದು ಕರೆದ.

"ಭಾಬಿ, ಜರಾ ಬಂದು ಕೂತು ನೋಡ್ರಿ. ಅಳತಿ ಸರಿ ಅದನೋ ಇಲ್ಲೋ."

"ಯಾತರ ಅಳತಿರಿ?"

ಹುಸೇನ ಓಂಪ್ರಕಾಶನ ಮುಖ ನೋಡಿದ. ಓಂಪ್ರಕಾಶ ಒಂದು ನಟ್ಟನ್ನು ಬಹಳ ಆಸ್ಥೆಯಿಂದ ಒರೆಸತೊಡಗಿದ.

"ಹೇಳಿಲ್ಲೇನು ಸೇಠ? ಭಾಬಿ, ಹಿಂದ ಭಾರ ಜಾಸ್ತಿ ಆದಂಗ ಮುಂದಿನ ಗಾಲಿ ಮ್ಯಾಲ ಏಳ್ತಾವ. ಅವನ್ನ ಒತ್ತಿ ಹಿಡಿಯಾಕ ಮೂತಿ ಮ್ಯಾಲ ತೂಕ ಬೇಕು. ಹೋದ ವರ್ಷ ಒಬ್ಬಾಂವ ಕಟ್ಟಿದ ಕಬ್ಬಿಣದ ಗುಂಡು ಕಳಚಿ ಬಿದ್ದು ಮಂದಿ ಕಾಲು ಮುರೀತು. ಅದಕ್ಕ ಕಮಿಟಿಯವ್ರು ಕಬ್ಬಿಣ ಬಂದ್ ಮಾಡ್ಯಾರ. ಈಗ ಮನಿ ಮಂದಿ ಒಬ್ಬರು ಮುಂದ ಕೂಡಬೇಕು. ಸೇಠಗ ಅಣ್ಣ ಇಲ್ಲ, ತಮ್ಮ ಇಲ್ಲ. ನಿಮ್ಮನ್ನ ಬಿಟ್ರ ಯಾರು ಅದಾರ್ರಿ?"

ದೀಪಾಲಿ ಮಾಳಿಗೆ ಹತ್ತಿದಳು. ಕೋಟೆಯ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಒಣಹಾಕಿದ್ದ ಮೆಣಸಿನಕಾಯಿಯ ಪಕ್ಕ ಕೂತಳು. ಗೊಬ್ಬರದ ಚೀಲವನ್ನಾದರೂ ಜನ ಯಾಕೆ ಎಲ್ಲಿಗೆ ಎಂದು ಹೇಳಿ ಒಯ್ಯುತ್ತಾರೆ ಎನಿಸಿತು. ಅಳಬೇಕೆಂದುಕೊಂಡಳು, ಅತ್ತರೆ ಯಾಕೆಂದು ಕೇಳುವವರು ಬೇಕಲ್ಲ ಎಂದು ಬಿಟ್ಟಳು. ಆದರೆ ಹುಸೇನನ ಕೊನೆಯ ಮಾತು ಹೋಗಲಿಲ್ಲ. ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ. ಅವನು ಹೇಳಿದ್ದು ತೂಕದ ಮಾತು, ನಿಜ. ಆದರೂ ಆ ಮಾತನ್ನು ಅವಳು ಬಿಸಿಲು ಇಳಿಯುವವರೆಗೆ ಅತ್ತ ಇತ್ತ ತಿರುಗಿಸಿ ನೋಡಿದಳು.

ಆಮೇಲೆ ಕೆಳಗಿಳಿದು ಬಂದು, "ಯಾವ ಕಡಿ ಮುಖ ಮಾಡಿ ಕೂಡಬೇಕ್ರಿ?" ಎಂದು ಕೇಳಿದಳು.

"ನಮ್ಮ ಕಡಿ," ಎಂದ ಓಂಪ್ರಕಾಶ. "ಗಾಲಿ ಎದ್ದಿದ್ದು ನನಗ ಕಾಣಂಗಿಲ್ಲ. ನೀ ಕೈ ಎತ್ತಿ ಹೇಳಬೇಕು. ನಾ ನಿನ್ನೇ ನೋಡಕೋತ ಇರ್ತೇನಿ."

ಪಂದ್ಯ ಮುಗಿಯುವವರೆಗೆ ಗಂಡ ತನ್ನ ಮುಖ ನೋಡುತ್ತಲೇ ಇರಬೇಕಾಗುತ್ತದೆ. ಮದುವೆಯ ದಿನ ಅಂತರಪಟ ಸರಿದಾಗಲೂ ಅಷ್ಟು ಹೊತ್ತು ನೋಡಿರಲಿಲ್ಲ. ದೀಪಾಲಿ ಒಪ್ಪಿದಳು. ಉಳಿದ ಕಿಲೋಗಳನ್ನೂ ತಿಂದು ಮುಗಿಸಿದಳು.

ಪಂದ್ಯದ ದಿನ ಅವಳು ನೇರಳೆ ಬಣ್ಣದ ಇಳಕಲ್ ಸೀರೆ ಉಟ್ಟಿದ್ದಳು. ಹುಮನಾಬಾದಿನ ಹೊರಗಿನ ಆ ಬಯಲು ಜನರಿಂದ ತುಂಬಿತ್ತು. ತವರು ಅಲ್ಲಿಂದ ಕೂಗಳತೆಯಲ್ಲೇ ಇದ್ದುದರಿಂದ ಅರ್ಧ ಜನರಿಗೆ ಅವಳ ಗುರುತಿತ್ತು. ಬೇರೆ ಟ್ರ್ಯಾಕ್ಟರುಗಳ ಮೂತಿಯ ಮೇಲೆಲ್ಲ ಮೀಸೆ ಹೊತ್ತ ಕಾಕಂದಿರು, ಭಾವಂದಿರು. ಮೈಕು ಹಿಡಿದ ಬಕ್ಕಪ್ಪ ಹೇಳಿದ: "ಇನ್ನ ಕಲ್ಯಾಣದ ಓಂಪ್ರಕಾಶ ಅವ್ರ ಗಾಡಿ. ಮುಂದಿನ ತೂಕ, ಅವರ ಮನಿಯವ್ರು. ಸೀರಿ ಗಾಲಿಗೆ ಸಿಗದಂಗ ನೋಡಕೋರ್ರಿ ತಾಯಿ."

ಟ್ರ್ಯಾಕ್ಟರ್ ಗುಡುಗಿತು. ಹಲಗೆ ಕದಲಿತು. ದೀಪಾಲಿ ಎರಡೂ ಕೈಯಲ್ಲಿ ಕುರ್ಚಿ ಹಿಡಿದು ಕೂತಳು. ಎದುರಿಗೆ, ಹೊಗೆಕೊಳವೆಯ ಪಕ್ಕದಿಂದ, ಓಂಪ್ರಕಾಶ ಅವಳನ್ನೇ ನೋಡುತ್ತಿದ್ದ. ರೆಪ್ಪೆ ಬಡಿಯದೆ ನೋಡುತ್ತಿದ್ದ. ಅವಳಿಗೆ ಎದೆ ತುಂಬಿ ಬಂತು.

"ಕೇಳಸ್ತದೇನ್ರಿ?" ಎಂದಳು. ತನಗೇ ಕೇಳಿಸಲಿಲ್ಲ.

ಕೇಳಿಸದಿದ್ದುದೇ ಧೈರ್ಯವಾಯಿತು. ಅವಳು ಮಾತಾಡತೊಡಗಿದಳು. ಎಡಮನೆಯ ಸೊಸೆ ತವರಿಗೆ ಹೋದದ್ದು, ಹಾಲಿನವನು ನೀರು ಬೆರೆಸುವುದು. ಮೊದಲ ಇಬ್ಬರು ಹಲಗೆ ಹತ್ತಿದರು. ಎಂಜಿನ್ನಿನ ಸದ್ದು ಏರಿತು, ಅವಳೂ ದನಿ ಏರಿಸಿದಳು. ಮಧ್ಯಾಹ್ನ ಫ್ರಿಜ್ಜು ಗುರ್ ಎಂದರೆ ಯಾರೋ ಬಂದರೆಂದು ತಿರುಗಿ ನೋಡುತ್ತೇನೆ ಎಂದಳು. ಮತ್ತಿಬ್ಬರು ಹತ್ತಿದರು. ಎರಡು ಜನರಿಗೆ ಅಡಿಗೆ ಮಾಡುವುದು ಎಷ್ಟು ಬೇಗ ಮುಗಿದುಹೋಗುತ್ತದೆ ಗೊತ್ತೇ ಎಂದು ಕೂಗಿದಳು. ಇನ್ನಿಬ್ಬರು. ಕತ್ತಿನ ನರ ಉಬ್ಬಿಸಿ, ಮೂರು ವರ್ಷದ್ದನ್ನೆಲ್ಲ ಹೊಗೆಯೊಳಗೆ ಸುರಿದಳು. ಗಾಲಿ ಎದ್ದಿದ್ದವೋ ಬಿದ್ದಿದ್ದವೋ, ಆ ಕಡೆ ಅವಳ ಲಕ್ಷ್ಯವಿರಲಿಲ್ಲ. ಕೈ ಎತ್ತುವ ಕೆಲಸವಂತೂ ಆಗಲೇ ಮರೆತುಹೋಗಿತ್ತು.

ಅವಳ ತುಟಿ ಹಾಗೆ ಎಡೆಬಿಡದೆ ಅಲ್ಲಾಡುವುದನ್ನು ಓಂಪ್ರಕಾಶ ಹಿಂದೆಂದೂ ಕಂಡಿರಲಿಲ್ಲ. ಏನು ಹೇಳುತ್ತಿದ್ದಾಳೆಂದು ತಿಳಿಯಲು ಮುಂದೆ ಬಗ್ಗಿದ. ಇನ್ನಷ್ಟು ಬಗ್ಗಿದ. ಬಗ್ಗುವ ಭರದಲ್ಲಿ ಆಕ್ಸಿಲರೇಟರಿನ ಮೇಲಿನ ಕಾಲು ಸಡಿಲಾಯಿತು. ಟ್ರ್ಯಾಕ್ಟರ್ ಎರಡು ಸಲ ಬಿಕ್ಕಿ, ಗಪ್ಪನೆ ನಿಂತಿತು.

ಬಯಲೆಲ್ಲ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ದೀಪಾಲಿಯ ದನಿ ಮೈಕಿನ ಹಂಗಿಲ್ಲದೆ ಕೊನೆಯ ಸಾಲಿನ ಐಸ್‌ಕ್ರೀಮಿನ ಗಾಡಿಯವರೆಗೂ ಹೋಯಿತು.

"ನನಗ ಜಗಳ ಆಡಾಕ ಸೈತ ಯಾರೂ ಇಲ್ರಿ ಆ ಮನ್ಯಾಗ."

ಬಕ್ಕಪ್ಪನ ಮೈಕು ಒಮ್ಮೆ ಕಿರುಚಿತು. "ಇಪ್ಪತ್ತಾರು ಮೀಟರ್," ಎಂದು ಸಣ್ಣಗೆ ಹೇಳಿದ. ಅಂದರೆ ಎಲ್ಲರಿಗಿಂತ ಕಡಿಮೆ.

ದೀಪಾಲಿಗೆ ನೆಲ ಬಿರಿದು ನುಂಗಬಾರದೇ ಎನಿಸಿತು. ಆದರೆ ನೆಲಕ್ಕಿಂತ ಮೊದಲು ಓಂಪ್ರಕಾಶ ಎದ್ದು ನಿಂತ.

"ನಾ ಇಲ್ಲೇನು ಜಗಳಕ್ಕ? ನೀ ಎಂದರ ಕರದೀ? ನಾ ಒಳಗ ಬಂದ್ರ ಸಾಕು, ಬಾಯಿ ಬಂದ್ ಮಾಡ್ತಿ. ಒಬ್ಬಾಕಿನೇ ಇದ್ದಾಗ ಹಾಡಕೋತ ಇರ್ತಿ. ಹಿತ್ತಲದಾಗ ನಿಂತು ಕೇಳ್ತೇನಿ ನಾ. ಬಾಗಿಲ ಮ್ಯಾಲ ಕೈ ಇಟ್ಟೆ ಅಂದ್ರ ಹಾಡು ಗಪ್. ನಾ ಬಂದಿದ್ದು ನಿನಗ ಬ್ಯಾಡಾಗ್ಯಾದ ಅಂತ ತಿಳಕೊಂಡು ಹೊರಗ ಕೂತೇನಿ. ಮೂರು ವರ್ಷ ಆತು. ಒಬ್ಬ ಮನಷ್ಯಾ ಎಷ್ಟಂತ ನಟ್ಟು ಒರಸಬೇಕು?"

ದೀಪಾಲಿ ಹಾಡು ನಿಲ್ಲಿಸುತ್ತಿದ್ದುದು ನಿಜ. ಗಂಡ ದಣಿದು ಬಂದಿದ್ದಾನೆ, ಗದ್ದಲ ಬೇಡ ಎಂದು ನಿಲ್ಲಿಸುತ್ತಿದ್ದಳು. ಒಬ್ಬರಿಗೊಬ್ಬರು ತೊಂದರೆ ಕೊಡಬಾರದೆಂದು ಇಬ್ಬರೂ ಬಾಗಿಲ ಆಚೆ ಈಚೆ ನಿಂತು ಮೂರು ವರ್ಷ ಕಳೆದಿದ್ದರು. ಅದನ್ನು ಹೇಳಬೇಕೆಂದು ಹೊರಟಳು. ಗಂಟಲಿನಿಂದ ಬಂದದ್ದು ಬರೀ ಗಾಳಿ. ಕೂಗಿ ಕೂಗಿ ದನಿ ಪೂರ್ತಿ ಕೂತುಹೋಗಿತ್ತು.

"ನೋಡು, ಈಗೂ ಮಾತಾಡಂಗಿಲ್ಲ," ಎಂದ ಓಂಪ್ರಕಾಶ, ಇಡೀ ಬಯಲನ್ನು ಸಾಕ್ಷಿಗೆ ಕರೆಯುವವನ ಹಾಗೆ.

ಸಂಜೆ ಟ್ರ್ಯಾಕ್ಟರನ್ನು ಲಾರಿಗೆ ಹೇರಿ ಮೂವರೂ ಮುಂದೆ ಕೂತರು. ಹುಸೇನ ಲಾರಿ ನಡೆಸುತ್ತಿದ್ದ. ಬಿಸಿನೀರು ಕುಡಿಸಿದರೂ ದೀಪಾಲಿಯ ದನಿ ಮರಳಿರಲಿಲ್ಲ. ನಾಲ್ಕು ದಿನ ತುಟಿ ಬಿಚ್ಚಬಾರದೆಂದು ಔಷಧಿ ಅಂಗಡಿಯವನು ಹೇಳಿದ್ದ. ಅವಳು ಕೈಸನ್ನೆ ಮಾಡಿ, ಹಾಡಿನ ವಿಷಯವನ್ನು ಹೇಗೋ ಗಂಡನಿಗೆ ತಿಳಿಸಿದಳು. ಅವನು ಅವಳ ಕಡೆ ತಿರುಗಿ ಕೂತ. ಆಮೇಲೆ, "ಅದನ್ನ ಮದಲೇ ಹೇಳಬೇಕಿಲ್ಲೇನು," ಎಂದು ಶುರು ಮಾಡಿದ.

ಶುರು ಮಾಡಿದವನು ನಿಲ್ಲಿಸಲಿಲ್ಲ. ಹತ್ತಿ ಬೀಜದ ಕಂಪನಿಯವರ ತಂಟೆ, ಶಾಲೆಯಲ್ಲಿ ಗಣಿತದ ಮಾಸ್ತರರು ಹೊಡೆದದ್ದು, ಮದುವೆಯ ದಿನ ತನಗೆ ಕಚ್ಚಿದ ಹೊಸ ಚಪ್ಪಲಿ, ಎಂಜಿನ್ನಿಗೆ ಡೀಸೆಲ್ ಯಾವ ದಾರಿಯಿಂದ ಬರುತ್ತದೆ, ಬರದಿದ್ದರೆ ಏನಾಗುತ್ತದೆ. ಎರಡೂ ಕೈ ಆಡಿಸಿ ವಿವರಿಸಿದ. ದಾರಿಯಲ್ಲಿ ರಾಜೇಶ್ವರ ಎಂಬ ಊರು ದಾಟಿತು. ಹುಸೇನ ಒಮ್ಮೆ ಅವಳ ಕಡೆ ನೋಡಿ, "ಸಬರ್ ಮಾಡ್ರಿ ಭಾಬಿ, ಜರಾ ತಾಳ್ಕೋರ್ರಿ," ಎಂದು ಪಿಸುಗುಟ್ಟಿದ.

ಹೊರಗೆ ತೊಗರಿಯ ಹೊಲಗಳ ಮೇಲೆ ಬೆಳಕು ಇಳಿಯುತ್ತಿತ್ತು. ದೀಪಾಲಿಯ ತಲೆ ಸಿಡಿಯುತ್ತಿತ್ತು, ಗಂಟಲು ಉರಿಯುತ್ತಿತ್ತು, ಕಬ್ಬಿಣದ ಕುರ್ಚಿಯಲ್ಲಿ ಕೂತು ಸೊಂಟ ಹಿಡಿದಿತ್ತು. ಅವಳು ಗಂಡನ ಕಡೆ ತಿರುಗಿ, ಸ್ವಲ್ಪ ಹೊತ್ತು ಸುಮ್ಮನಿರ್ರಿ ಎಂದು ಕೇಳಲು ಬಾಯಿ ತೆರೆದಳು. ದನಿ ಬರಲಿಲ್ಲ.

ಅವಳ ತುಟಿ ಅಲ್ಲಾಡಿದ್ದು ಕಂಡು ಓಂಪ್ರಕಾಶನಿಗೆ ಉತ್ಸಾಹ ಇಮ್ಮಡಿಯಾಯಿತು. "ತಡಿ, ಅದನ್ನೂ ಹೇಳ್ತೇನಿ," ಎಂದು ಸರಿದು ಕೂತು, ಅಜ್ಜ ಟ್ರ್ಯಾಕ್ಟರ್ ಕೊಳ್ಳಲು ಹೊರಟ ದಿನದ ಬೆಳಗಿನಿಂದ ಪ್ರಾರಂಭಿಸಿದ.