ಲದ್ದಿ ನೋಡುವ ಮಾವ

ನನ್ನ ಮದುವೆ ತಡವಾದದ್ದು ಒಂದು ಕುದುರೆಯ ಹೊಟ್ಟೆಯಲ್ಲಿದ್ದ ಹುಳುಗಳಿಂದ ಎಂದರೆ ನೀವು ನಗುತ್ತೀರಿ. ನಗಿ! ನನ್ನ ಸೋದರಮಾವನನ್ನು ಕಂಡಿದ್ದರೆ ನಂಬುತ್ತಿದ್ದಿರಿ.

ಮಾವ ಎಲ್ಲೋ ದೂರದ ಕುದುರೆ ಲಾಯದಲ್ಲಿ ಕಾಂಪೌಂಡರಾಗಿದ್ದು, ನಿವೃತ್ತರಾಗಿ ಶಿಕಾರಿಪುರಕ್ಕೆ ಬಂದು ನೆಲೆಸಿದ್ದರು. ಮೈಸೂರು ರಾಜ್ಯ ದೊಡ್ಡದಾದ ಒಂದೆರಡು ವರ್ಷದ ನಂತರದ ಮಾತು. ಅದೇ ಊರಿನ ಶಾಲೆಗೆ ಟೀಚರಮ್ಮನಾಗಿ ಬಂದ ನಾನು ಅವರ ಮನೆಯಲ್ಲೇ ಇದ್ದೆ. ಬೆಳಿಗ್ಗೆ ಎದ್ದು ಬೇರೆಯವರು ದೇವರ ಪಟ ನೋಡಿದರೆ, ಇವರು ಟಾಂಗಾ ನಿಲ್ಲುವ ಜಾಗಕ್ಕೆ ಹೋಗಿ ಕುದುರೆ ಲದ್ದಿ ನೋಡುತ್ತಿದ್ದರು. ಒಮ್ಮೆ ನನ್ನನ್ನೂ ಕರೆದೊಯ್ದು, ಕೊಡೆಯ ತುದಿಯಿಂದ ಕೆದಕಿ, "ನೋಡೇ, ಹೆಂಗಿದೆ ಹುಳ! ಶಾವಿಗೆ ಇದ್ದಂಗಿಲ್ವಾ?" ಎಂದು ಸಂಭ್ರಮಪಟ್ಟರು. ಮನೆಗೆ ಬಂದರೆ ತಿಂಡಿಗೆ ಶಾವಿಗೆ ಉಪ್ಪಿಟ್ಟು! ಇವತ್ತಿಗೂ ನನಗೆ ಅದು ಸೇರುವುದಿಲ್ಲ.

ಜಡೆ ಎಂಬ ಊರಿನಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಬಸ್ಸಿಳಿದು ಟಾಂಗಾದಲ್ಲಿ ಮನೆ ಬಾಗಿಲಿಗೆ. ಹುಡುಗ ಇಳಿದ, ಅವನ ಅಪ್ಪ ಇಳಿದರು, ಕುದುರೆ ತನ್ನ ಕೆಲಸ ಮುಗಿಸಿತು. ಸ್ವಾಗತಕ್ಕೆ ನಿಂತಿದ್ದ ಮಾವ ಅಲ್ಲೇ ಬಗ್ಗಿ ನೋಡಿ ಕೂಗಿದರು: "ಹೊಟ್ಟೆ ತುಂಬ ಹುಳ ಕಣ್ರೀ! ನೋಡೋಕೆ ಮಾತ್ರ ಗುಂಡು ಗುಂಡಗೆ. ಮೊದಲು ಔಷಧಿ ಕುಡಿಸಿ, ಆಮೇಲೆ ಮಿಕ್ಕಿದ್ದು!"

ಹುಡುಗ, ಪಾಪ, ಗುಂಡು ಗುಂಡಗೆಯೇ ಇದ್ದ. ಅವನಪ್ಪ ಕೆಂಪಗಾದರು. "ನಮ್ಮ ಹುಡುಗನ ಹೊಟ್ಟೆ ವಿಚಾರ ನಿಮಗ್ಯಾಕ್ರೀ?" ಎಂದವರೇ ನೀರೂ ಮುಟ್ಟದೆ ಅದೇ ಟಾಂಗಾ ಹತ್ತಿದರು. ಮಾವನ ಹೆಂಡತಿ, ನಮ್ಮತ್ತೆ, ಅವರೊಂದಿಗೆ ಮಾತು ಬಿಟ್ಟರು. ಮಾವನಿಗೆ ಅದು ಗೊತ್ತಾದದ್ದು ಹದಿನೈದು ದಿನದ ಮೇಲೆ, ಅದೂ ನಾನು ಹೇಳಿದ್ದರಿಂದ!

ನಮ್ಮ ಬೀದಿಯ ಕೊನೆಯಲ್ಲಿ ಟಾಂಗಾ ಸಾಹೇಬರ ಮನೆ. ಗಾಡಿ ಎಳೆಯುತ್ತಿದ್ದ ಕುದುರೆ ಸತ್ತು, ಅದರ ಮರಿಯೊಂದೇ ಉಳಿದಿತ್ತು. ಅದು ಬೆಳೆದು ಗಾಡಿಗೆ ಕಟ್ಟುವಂತಾಗುವ ತನಕ ಸಾಹೇಬರು ಅಂಗಡಿಗಳ ಮೂಟೆ ಹೊರುತ್ತಿದ್ದರು. ಮನೆಯವರ ಆಸೆಯೆಲ್ಲ ಆ ಮರಿಯ ಮೇಲೆ. ಅದೋ ಮೈ ಒಣಕಲು, ಹೊಟ್ಟೆ ಮಾತ್ರ ಗುಡಾಣ. ಮಾವ ಬಿಡುತ್ತಾರೆಯೇ? ಹುಳದ ಔಷಧಿ ಧಾರಾಳವಾಗಿ ಕುಡಿಸಿಯೇಬಿಟ್ಟರು.

ಮಾರನೆಯ ಬೆಳಿಗ್ಗೆ ಮರಿ ಬಿದ್ದು ಹೊರಳುತ್ತಿತ್ತು. ಎದ್ದು ಹಿಂಗಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುತ್ತಿತ್ತು, ತಿರುತಿರುಗಿ ಪಕ್ಕೆ ನೋಡಿಕೊಳ್ಳುತ್ತಿತ್ತು. ಗಟ್ಟಿಮುಟ್ಟಾದ ಕುದುರೆಯ ಕರುಳು ರೇಡಿಯೋದಂತೆ ಸದಾ ಗೊರಗೊರ ಅನ್ನುತ್ತಿರಬೇಕಂತೆ. ಮಾವ ಹೊಟ್ಟೆಗೆ ಕಿವಿ ಇಟ್ಟು, "ಸ್ಟೇಷನ್ನೇ ಬರ್ತಿಲ್ಲ" ಅಂದರು. ನಗಹೊರಟವಳು ಅವರ ಮುಖ ನೋಡಿ ಸುಮ್ಮನಾದೆ. ಹುಳುಗಳೆಲ್ಲ ಒಂದೇ ಸಲ ಸತ್ತು, ಮುದ್ದೆಗಟ್ಟಿ, ಕರುಳಿಗೆ ಬಿರಡೆ ಜಡಿದಂತೆ ಕೂತಿದ್ದವು. ಜಾರಿಸಲು ಎಣ್ಣೆ ಬೇಕು. ತಡವಾದರೆ ಕರುಳೇ ಒಡೆಯುತ್ತದೆ.

ಹೊಟ್ಟೆ ತೊಳೆಸುವ ಮದ್ದಿಗೆ ನಮ್ಮ ಕಡೆ ಜುಲಾಬು ಅನ್ನುತ್ತಾರೆ. ಸೊರಬದಲ್ಲಿ ಮಾವನ ಗೆಳೆಯರೊಬ್ಬರ ಔಷಧಿ ಅಂಗಡಿ ಇತ್ತು. ಹೊರಟು ನಿಂತ ಬಸ್ಸಿನ ಕಂಡಕ್ಟರಿಗೆ ಮಾವ ಓಡುತ್ತಲೇ ಕೂಗಿ ಹೇಳಿದರು: "ಜುಲಾಬ್ ಎಣ್ಣೆ! ಇದ್ದಷ್ಟೂ ತಗಂಬಾ!"

ಮಧ್ಯಾಹ್ನ ಕಂಡಕ್ಟರು ಹೆಬ್ಬೆರಳುದ್ದದ ಎರಡು ಶೀಶೆ ತಂದುಕೊಟ್ಟ. "ಔಷಧಿ ಅಂಗಡೀಲಿ ಇಲ್ಲ ಅಂದ್ರು ರೀ. ಅತ್ತರ್ ಅಂಗಡೀಲಿ ಸಿಕ್ತು. ಅಸಲಿ ಗುಲಾಬ್ ಎಣ್ಣೆ! ಮದ್ವೇಗೇನ್ರೀ?"

ಬೇರೆ ದಿನವಾಗಿದ್ದರೆ ಮಾವ ಕೊಡೆ ಎತ್ತುತ್ತಿದ್ದರು. ಅಂದು ಸಾಹೇಬರ ಜಗಲಿಯ ಮೇಲೆ ಕುಸಿದು ಕೂತರು. ಅಷ್ಟು ದಿನ ಮಾತು ಬಿಟ್ಟಿದ್ದ ಅತ್ತೆ ಆಗ ಬಾಯಿ ತೆರೆದರು: "ಅಲ್ರೀ, ಈ ಊರಲ್ಲಿ ಹರಳೆಣ್ಣೆಗೇನು ಬರ ಬಂದಿದ್ಯಾ?"

ಅಂಗಡಿಯ ಬಾಟಲಿಯಲ್ಲಿ ಬಾರದ ಎಣ್ಣೆಯೂ ಲೋಕದಲ್ಲಿದೆ ಎಂದು ಮಾವನಿಗೆ ಹೊಳೆದೇ ಇರಲಿಲ್ಲ! ಅತ್ತೆ, ಸಾಹೇಬರ ಹೆಂಡತಿ, ನಾನು ಮನೆಮನೆಗೆ ಹೋದೆವು. ತಲೆಗೆ, ದೀಪಕ್ಕೆ, ಬಾಣಂತಿಗೆ ಎಂದು ಇಟ್ಟದ್ದೆಲ್ಲ ತಂಬಿಗೆಗೆ ಬಂತು. ಮಾವ ಮರಿಯ ಮೂಗಿನಿಂದ ರಬ್ಬರ್ ಕೊಳವೆ ಇಳಿಸಿ ಎಣ್ಣೆ ಹೊಯ್ದರು. ಆಮೇಲೆ ಬಿಸಿಲಿಳಿಯುವವರೆಗೂ ಬೀದಿಯುದ್ದಕ್ಕೂ ಅದನ್ನು ನಡೆಸಿದರು; ಹಗ್ಗವನ್ನು ಯಾರ ಕೈಗೂ ಕೊಡಲಿಲ್ಲ.

ಸಂಜೆ ಬಾಂಗು ಕೂಗುವ ಹೊತ್ತಿಗೆ ಮರಿ ನಿಂತಿತು. ಬಾಲ ಎತ್ತಿತು. ಮಾವನ ಧೋತರದ ಮೇಲೇ! ಎಣ್ಣೆ, ಲದ್ದಿ, ಬೊಗಸೆಗಟ್ಟಲೆ ಬಿಳಿ ಹುಳ. ಬೀದಿಗೆ ಬೀದಿಯೇ ಮೂಗು ಮುಚ್ಚಿಕೊಂಡು ಕೇಕೆ ಹಾಕಿತು.

ಮಾವ ನಗಲಿಲ್ಲ. "ಸಾಹೇಬ್ರೇ, ತಪ್ಪು ನಂದು. ಅಷ್ಟು ಹುಳ ಇದ್ದಾಗ ಒಂದೇ ಸಲ ಅಷ್ಟು ಔಷಧಿ ಕೊಡಬಾರದಿತ್ತು. ನನ್ನಿಂದ ನಿಮ್ಮ ಮರಿ ಸಾಯ್ತಿತ್ತು" ಅಂದರು.

"ಬೆಳಿಗ್ಗೇನೇ ಗೊತ್ತಾತು ರಾಯರೇ" ಅಂದರು ಸಾಹೇಬರು.

"ಮತ್ತೆ ಒಂದು ಮಾತೂ ಬೈಲಿಲ್ವಲ್ರೀ?"

"ಬೈದಿದ್ರೆ ನಿಮ್ ಕೈ ನಡುಗ್ತಿತ್ತಲ್ರೀ. ಮೂಗಿನಾಗೆ ಕೊಳವೆ ಇಳಿಸೋ ಕೈ ಅದು."

ಮಾವ ಆ ಗಲೀಜು ಕೈಯನ್ನು ಮುಂದೆ ಚಾಚಿ, ನಾಚಿ, ಹಿಂದಕ್ಕೆ ಎಳೆದುಕೊಂಡರು. ಸಾಹೇಬರು ಬಿಡದೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮಾವ ನಡುಬೀದಿಯಲ್ಲಿ ನಿಂತು ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ.