ಬಿಸ್ಕತ್ತಿನಲ್ಲಿ ಕಬ್ಬಿಣ

ನಾನು ಒಂದು ಕೆಲಸ ಹಿಡಿದರೆ ಬಿಡುವವಳಲ್ಲ. ಅದರಲ್ಲೂ ತಾಯಿಯಾಗುವ ಕೆಲಸವನ್ನು ಅರೆಬರೆ ಮಾಡುವುದುಂಟೆ?

"ಮಗು ಬೇಕು ಅಂದ್ರೆ ಮೊದಲು ಇಬ್ಬರೂ ಸ್ವಲ್ಪ ತಯಾರಾಗಿ. ಸಕ್ಕರೆ, ಕಾಫಿ ಕಡಿಮೆ ಮಾಡಿ. ಹೊತ್ತಿಗೆ ಸರಿಯಾಗಿ ಮಲಗಿ, ದಿನಾ ನಡೀರಿ, ನೀವು ಈ ಫೋಲಿಕ್ ಮಾತ್ರೆ ತಗೊಳ್ಳಿ. ಆಮೇಲೆ ನೋಡೋಣ" ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಘೋಷಿಸಿಬಿಟ್ಟೆ.

"ರೀ, ಇವತ್ತಿಂದ ನಮ್ಮನೇಲಿ ಹೊಸ ಸರ್ಕಾರ."

"ವಿರೋಧ ಪಕ್ಷ ಇರುತ್ತಾ?" ಎಂದರು ನಮ್ಮ ಯಜಮಾನರು.

"ಇರಲ್ಲ."

ಕಡಿಮೆ ಮಾಡುವುದು ಸಾಮಾನ್ಯರ ಕೆಲಸ. ನಾನು ನಿರ್ನಾಮ ಮಾಡಿದೆ. ಅಂದೇ ಸಂಜೆ ಕಾಫಿಪುಡಿಯ ಡಬ್ಬ ಪಕ್ಕದ ಮನೆಗೆ ಗಡೀಪಾರಾಯಿತು, ಸಕ್ಕರೆ ಅದರ ಹಿಂದೆಯೇ ನಡೆಯಿತು. ಎಣ್ಣೆಯ ಬಾಟಲಿಯನ್ನು ಅಟ್ಟದ ಮೇಲೆ ಸೆರೆಯಲ್ಲಿಟ್ಟೆ.

ಯಜಮಾನರು ಕಾರು ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂತು, ತಮ್ಮ ಕಾಲಡಿಯ ಎರಡನೇ ಬ್ರೇಕನ್ನು ದಿನವಿಡೀ ತುಳಿಯುವುದು ಅವರ ಉದ್ಯೋಗ. ಅಭ್ಯಾಸಬಲದಿಂದ ಮನೆಯಲ್ಲೂ ಅಪಾಯ ಕಂಡರೆ ಬಲಗಾಲು ತಾನಾಗಿ ನೆಲ ಒತ್ತುತ್ತದೆ. ಆ ರಾತ್ರಿ ಉಪ್ಪಿಲ್ಲದ ಬೇಯಿಸಿದ ಬೀನ್ಸು ತಟ್ಟೆಗೆ ಬಿದ್ದಾಗ ಕಾಲು ಜೋರಾಗಿಯೇ ಒತ್ತಿತು.

"ಇದನ್ನ ಬೇಯಿಸಿದ್ದು ಯಾರು?"

"ನಾನೇ."

"ಯಾರ ಮೇಲಿನ ಸಿಟ್ಟಿಗೆ?"

ಗಂಡಸರು ತೀರಾ ಬಿಸಿನೀರಿನಲ್ಲಿ ಹೊತ್ತುಗಟ್ಟಲೆ ಮುಳುಗಿ ಕೂರುವುದು ಒಳ್ಳೆಯದಲ್ಲ ಎಂದೂ ಡಾಕ್ಟರಮ್ಮ ಮಾತಿನ ನಡುವೆ ಹೇಳಿದ್ದರು. ನಾನು ಗೀಸರಿನ ಸ್ವಿಚ್ಚಿಗೇ ಟೇಪು ಸುತ್ತಿದೆ. ಮರುದಿನ ಬೆಳಿಗ್ಗೆ ಬಚ್ಚಲುಮನೆಯಿಂದ ಹೊರಟ ಕೂಗಿಗೆ ಎದುರುಮನೆಯವರು ಬಾಗಿಲು ತೆರೆದು ನೋಡಿದರು.

"ಮಗು ಹುಟ್ಟೋದ್ರೊಳಗೆ ಅದರ ಅಪ್ಪನ್ನ ಮುಗಿಸಿಬಿಡ್ತೀಯ ಕಣೇ!"

"ಅಪ್ಪ ಆಗೋಕೆ ಇಷ್ಟೂ ಮಾಡಲ್ವಾ ನೀವು?"

ಒಳಗಿನಿಂದ ಮತ್ತೆ ಚೊಂಬಿನ ಸದ್ದು ಬಂತು. ಒಂದು ವರ್ಷದಿಂದ ನಾವು ಕಾಯುತ್ತಿದ್ದೆವು. ನಾನು ತಿಂಗಳು ತಿಂಗಳೂ ಆಸೆಪಟ್ಟು, ಆಮೇಲೆ ಸದ್ದು ಹೊರಗೆ ಕೇಳದಂತೆ ನಲ್ಲಿ ಬಿಟ್ಟುಕೊಂಡು ಅತ್ತದ್ದು ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತಿದೆ ಎಂಬುದು ನನಗೂ ಗೊತ್ತಿತ್ತು. ಹಾಗಾಗಿಯೇ ಪಾಪ, ತಣ್ಣೀರಿಗೂ ಬೀನ್ಸಿಗೂ ತಲೆಯೊಡ್ಡಿದರು.

ಇನ್ನು ನನ್ನ ಪಾಡು ಕೇಳಿ. ನಾನು ಬಿಸ್ಕತ್ತು ಕಾರ್ಖಾನೆಯಲ್ಲಿ ರುಚಿ ನೋಡುವವಳು. ಒಲೆಯಿಂದ ಇಳಿದ ಬಿಸ್ಕತ್ತು ನಾನು ಹೂಂ ಅನ್ನದೆ ಪೊಟ್ಟಣ ಸೇರುವಂತಿಲ್ಲ. ಎಲ್ಲರೂ ನನ್ನನ್ನು 'ನಾಲಿಗೆ ಮೇಡಂ' ಎನ್ನುತ್ತಾರೆ. ಸಕ್ಕರೆಗೆ ನಿಷೇಧ ಹೇರಿದವಳೇ ಬಿಸ್ಕತ್ತು ತಿಂದರೆ ಸರ್ಕಾರದ ಮಾನ ಏನಾಗಬೇಕು? ಅದಕ್ಕೆ ಹೊಸ ಪದ್ಧತಿ ತಂದೆ: ಕಚ್ಚುವುದು, ಅಗಿಯುವುದು, ಉಗಿಯುವುದು. ಪಕ್ಕದಲ್ಲೊಂದು ಬಕೆಟ್ಟು ಇಟ್ಟುಕೊಂಡೆ. ನೋಡಿದವರು ಮುಖ ಕಿವುಚಿದರು, ನಾನು ಕ್ಯಾರೇ ಅನ್ನಲಿಲ್ಲ.

ಹೀಗೆ ಒಂದು ತಿಂಗಳು ಕಳೆಯುವಷ್ಟರಲ್ಲಿ ಪವಾಡ ನಡೆಯಿತು. ಮಾರುದೂರದಿಂದಲೇ ನನಗೆ ಬೆಣ್ಣೆಯ ವಾಸನೆ ಹೊಡೆಯತೊಡಗಿತು. ವೆನಿಲಾ ಮೂಗಿಗೆ ಬಡಿದರೆ ಹೊಟ್ಟೆ ತೊಳಸುತ್ತಿತ್ತು. ಯಜಮಾನರ ಅಂಗಿಯಲ್ಲಿ ಅವತ್ತು ಕಾರು ಕಲಿತವರೆಲ್ಲರ ಬೆವರೂ ಬೇರೆಬೇರೆಯಾಗಿ ತಿಳಿಯುತ್ತಿತ್ತು.

"ನೋಡಿದ್ರಾ ಶಿಸ್ತಿನ ಫಲ? ಸಕ್ಕರೆ ಬಿಟ್ಟಿದ್ದಕ್ಕೆ ಮೂಗು, ನಾಲಿಗೆ ಎಲ್ಲಾ ಎಷ್ಟು ಚುರುಕಾಗಿವೆ."

"ನಿನ್ನ ನಾಲಿಗೆ ಮದುವೆ ದಿನದಿಂದಲೂ ಚುರುಕೇ" ಎಂದು ಅವರು ದೂರ ಸರಿದು ಕೂತರು.

ಒಂದು ಸೋಮವಾರ ಬೆಳಿಗ್ಗೆ ಮೊದಲ ಬಿಸ್ಕತ್ತು ಕಚ್ಚಿದೆ. ಬಾಯಿ ತುಂಬ ತುಕ್ಕಿನ ರುಚಿ. ಇನ್ನೊಂದು ಕಚ್ಚಿದೆ, ಅದೂ ಹಾಗೇ. ಸಾಲದ್ದಕ್ಕೆ ಉಪ್ಪಿನ ಬಿಸ್ಕತ್ತು, ಓಟ್ಸ್ ಬಿಸ್ಕತ್ತು, ಎಲ್ಲದರಲ್ಲೂ ಅದೇ.

"ನಿಲ್ಲಿಸಿ! ಹಿಟ್ಟಿನಲ್ಲಿ ಕಬ್ಬಿಣ ಬಿದ್ದಿದೆ."

ಯಂತ್ರಗಳೆಲ್ಲ ನಿಂತವು. ಮಕ್ಕಳು ತಿನ್ನುವ ಪದಾರ್ಥ, ಹುಡುಗಾಟವೇ? ಮೆಕ್ಯಾನಿಕ್ಕು ಬಂದು ಹಿಟ್ಟು ಕಲಸುವ ಯಂತ್ರವನ್ನು ಬಿಚ್ಚಿ ನೆಲದ ಮೇಲೆ ಹರವಿದ. ಸಂಜೆಯವರೆಗೆ ಹುಡುಕಿದರೂ ಒಂದು ಚೂರೂ ಸವೆದಿರಲಿಲ್ಲ, ಒಂದು ತಿರುಪೂ ಕಾಣೆಯಾಗಿರಲಿಲ್ಲ. ಎಲ್ಲ ಮತ್ತೆ ಜೋಡಿಸಿ ಮುಗಿಸಿದಾಗ ಅವನ ಕೈಯಲ್ಲಿ ಒಂದು ಬೋಲ್ಟು ಉಳಿದುಕೊಂಡಿತ್ತು.

"ಸಿಕ್ಕಿಬಿದ್ದನಲ್ಲ ಕಳ್ಳ" ಎಂದೆ.

"ಇದು ಕಳ್ಳ ಅಲ್ಲ ಮೇಡಂ, ನಾನು ಹಾಕೋದು ಮರೆತಿದ್ದು" ಎಂದು ಅವನು ಅಳುಮೋರೆ ಮಾಡಿಕೊಂಡು ಯಂತ್ರವನ್ನು ಮತ್ತೆ ಬಿಚ್ಚಿದ.

ಮ್ಯಾನೇಜರು ಕೂಗಾಡುವ ಮನುಷ್ಯರಲ್ಲ. ಸಿಟ್ಟು ಏರಿದಷ್ಟೂ ಅವರ ದನಿ ಇಳಿಯುತ್ತದೆ. ಅವರೂ ತಿಂದು ನೋಡಿದರು, ಒಲೆಯವರು ತಿಂದರು, ಲಾರಿಯವರು ಒಂದಕ್ಕೆ ನಾಲ್ಕು ತಿಂದರು. ಯಾರಿಗೂ ಕಬ್ಬಿಣ ಸಿಗಲಿಲ್ಲ.

"ನಿಮ್ಮ ನಾಲಿಗೇನ ಒಮ್ಮೆ ಡಾಕ್ಟರಿಗೆ ತೋರಿಸಿಬಿಡಿ ಮೇಡಂ" ಎಂದರು, ಕೇಳಿಸದಷ್ಟು ಮೆತ್ತಗೆ. "ಅಲ್ಲೀತನಕ ಪ್ಯಾಕಿಂಗ್ ವಿಭಾಗದಲ್ಲಿರಿ."

ರುಚಿ ನೋಡುವವಳನ್ನು ರಟ್ಟಿನ ಡಬ್ಬಕ್ಕೆ ಅಂಟು ಹಚ್ಚಲು ಕಳಿಸುವುದೆಂದರೇನು? ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದೆ.

"ರೀ, ಅತಿ ಮಾಡಿಬಿಟ್ಟೆ ಅನ್ಸುತ್ತೆ. ದೇಹ ಸರಿ ಮಾಡೋಕೆ ಹೋಗಿ ಇನ್ನೇನೋ ಕೆಡಿಸ್ಕೊಂಡೆ. ನಾಲಿಗೆ ಹೋದ್ರೆ ಹೋಗಲಿ, ಇದರಿಂದ ಮಗೂನೇ ಆಗದಿದ್ರೆ?"

ಅವರು ನಗಿಸಲು ನೋಡಲಿಲ್ಲ. ನನ್ನ ತಲೆ ಸವರಿ, "ನಾಳೆ ಇಬ್ಬರೂ ಹೋಗೋಣ. ಈಗ ಏಳು, ಅನ್ನಕ್ಕೆ ಉಪ್ಪು ಹಾಕಿದೀನಿ, ಬೈಯಬೇಡ" ಎಂದರು.

ಮರುದಿನ ಡಾಕ್ಟರಮ್ಮನ ಮುಂದೆ ಎಲ್ಲವನ್ನೂ ಒಪ್ಪಿಸಿದೆ. ಬೀನ್ಸು, ಬಕೆಟ್ಟು, ವೆನಿಲಾ, ಕಬ್ಬಿಣ, ಒಂದನ್ನೂ ಬಿಡಲಿಲ್ಲ. ಅವರು ಗಲ್ಲಕ್ಕೆ ಕೈಕೊಟ್ಟು ಕೇಳಿದರು.

"ಕೊನೇ ಸಲ ಹೊರಗಾಗಿದ್ದು ಯಾವಾಗ?"

ನನ್ನದು ಯಾವತ್ತೂ ಹೇಳಿದ ಹೊತ್ತಿಗೆ ಬಂದದ್ದಲ್ಲ. ಎಣಿಸಿ ಎಣಿಸಿ ಆಸೆಪಡುವುದು ಸಾಕಾಗಿ, ಎಣಿಸುವುದನ್ನೇ ಬಿಟ್ಟಿದ್ದೆ.

ಅವರು ಒಂದು ಪರೀಕ್ಷೆ ಮಾಡಿಸಿದರು, ಆಮೇಲೆ ಸ್ಕ್ಯಾನ್ ಮಾಡಿದರು. ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಅಲ್ಲೊಂದು ಪುಟ್ಟ ಕಾಳು ಮಿಣಿಮಿಣಿ ಮಿಡಿಯುತ್ತಿತ್ತು.

"ನಿಮ್ಮ ನಾಲಿಗೆಗೆ ಏನೂ ಆಗಿಲ್ಲ. ಶುರುವಿನಲ್ಲಿ ಕೆಲವರಿಗೆ ಬಾಯೆಲ್ಲಾ ಕಬ್ಬಿಣದ ರುಚಿ ಬರುತ್ತೆ. ತಯಾರಿ ಏನೋ ಜೋರಾಗೇ ಮಾಡಿದೀರಿ. ಆದರೆ ಲೆಕ್ಕ ನೋಡಿದರೆ, ಹೇಗೆ ತಯಾರಾಗೋದು ಅಂತ ಅವತ್ತು ಕೇಳೋಕೆ ಬಂದಾಗಲೇ ಮಗು ನಿಮ್ಮ ಹೊಟ್ಟೇಲಿತ್ತು."

ನಾನು ಅಲ್ಲೇ ಅತ್ತೆ, ಈ ಸಲ ನಲ್ಲಿಯ ಸದ್ದಿನ ಮರೆ ಬೇಕಾಗಲಿಲ್ಲ. ಯಜಮಾನರು ಕಣ್ಣೊರೆಸಿಕೊಂಡರು. ಆಮೇಲೆ ಏನನ್ನೋ ಲೆಕ್ಕ ಹಾಕಿದರು.

"ಅಂದ್ರೆ ಡಾಕ್ಟ್ರೇ, ಇದು ಕಾಫಿ, ಬಿಸಿನೀರು ಎಲ್ಲಾ ಇದ್ದ ಕಾಲದ ಮಗುನಾ?"

"ಹೌದು."

ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಹೊರಗೆ ಬಂದು ಮ್ಯಾನೇಜರಿಗೆ ಫೋನ್ ಮಾಡಿದೆ. ನಾಚಿಕೆ ಒಂದು ಕಡೆ, ಸಂತೋಷ ಒಂದು ಕಡೆ. ವಿಷಯವನ್ನು ಹೇಗೋ ಹೇಳಿ ಮುಗಿಸಿದೆ. ಆ ಕಡೆಯಿಂದ ಅದೇ ಮೆತ್ತನೆಯ ದನಿ ಬಂತು.

"ತುಂಬಾ ಸಂತೋಷ ಮೇಡಂ. ಒಂದೇ ಒಂದು ವಿನಂತಿ. ಮುಂದಿನ ಸಲ ಕಬ್ಬಿಣದ ರುಚಿ ಬಂದರೆ ದಯವಿಟ್ಟು ಮೊದಲು ನಿಮ್ಮ ಯಜಮಾನರನ್ನ ಕರೀರಿ, ನಮ್ಮ ಮೆಕ್ಯಾನಿಕ್‌ನ ಅಲ್ಲ."